ಮೇಣದಬತ್ತಿಯ ಬೆಳಕಿಗೆ ಕಾಣದ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳ ವೇದಿಕೆಗಳಲ್ಲಿ, ಕಂಪನಿಗಳ ತರಬೇತಿ ಕೋಣೆಗಳಲ್ಲಿ ಅದೇ ಹಳೆಯ ಮೇಣದಬತ್ತಿ ಹೊತ್ತಿಕೊಳ್ಳುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ರಾತ್ರಿ ಸರ್ಕಾರಿ ಕಡತ ನೋಡುತ್ತಿದ್ದರಂತೆ. ಕೆಲಸ ಮುಗಿದೊಡನೆ ಸರ್ಕಾರದ ಮೇಣದಬತ್ತಿ ಆರಿಸಿ, ಸ್ವಂತ ಓದಿಗೆ ಸ್ವಂತ ದುಡ್ಡಿನ ಮೇಣದಬತ್ತಿ ಹಚ್ಚಿಕೊಂಡರಂತೆ. ಇದರ ಬೆನ್ನಿಗೇ ರೈಲಿನ ಕತೆ ಬರುತ್ತದೆ: ಗಾಲಿಯ ಸದ್ದು ಬದಲಾದದ್ದನ್ನು ಗುರುತಿಸಿ ಚೈನು ಎಳೆದರು, ಮುಂದೆ ಹೋಗಿ ನೋಡಿದರೆ ಹಳಿ ಬಿರುಕು ಬಿಟ್ಟಿತ್ತು. ಆಮೇಲೆ ಸಮಯಪಾಲನೆ, ಇಸ್ತ್ರಿ ಕೆಡದ ಕೋಟು, ಮೈಸೂರು ಪೇಟ. ಕೊನೆಗೆ, ನಾವು ಕಲಿಯಬೇಕಾದ ಹತ್ತು ನಾಯಕತ್ವದ ಪಾಠಗಳು.

ಸಾಧಕರ ಬದುಕಿನಿಂದ ಪಾಠ ಹೆಕ್ಕುವ ಬರವಣಿಗೆ ಇವತ್ತು ಒಂದು ದೊಡ್ಡ ಉದ್ಯಮ. ಅದರ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ವೃತ್ತಿಯಲ್ಲಿ ಮುಂದೆ ಬಂದವರನ್ನು ನೋಡಿ ಕಲಿಯುವುದು ಒಳ್ಳೆಯದೇ. ನನ್ನ ತಕರಾರು ಇಷ್ಟೆ: ಕನ್ನಡದಲ್ಲಿ ಈ ಉದ್ಯಮ ಅತಿ ಹೆಚ್ಚು ಬಳಸಿಕೊಂಡಿರುವುದು ವಿಶ್ವೇಶ್ವರಯ್ಯನವರನ್ನು, ಮತ್ತು ಅತಿ ಹೆಚ್ಚು ಕುಗ್ಗಿಸಿರುವುದೂ ಅವರನ್ನೇ. ರಾಜ್ಯವೊಂದರ ನೀರು, ವಿದ್ಯುತ್ತು, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಲೆಕ್ಕ ಹಾಕಿದ ಮನುಷ್ಯನನ್ನು ಈ ಪಾಠಗಳು ಒಬ್ಬ ಪ್ರಾಮಾಣಿಕ ಗುಮಾಸ್ತನ ಅಳತೆಗೆ ತಂದು ನಿಲ್ಲಿಸಿವೆ. ಅವರೇ ಬರೆದು 1951ರಲ್ಲಿ ಪ್ರಕಟಿಸಿದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಮಾತ್ರ ಗ್ರಂಥಾಲಯಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಮುದ್ದೇನಹಳ್ಳಿ, ಪುಣೆ, ಬೊಂಬಾಯಿಯ ಪಿಡಬ್ಲ್ಯುಡಿ, ಹೈದರಾಬಾದಿನ ಮೂಸಿ ಪ್ರವಾಹ, ದಿವಾನಗಿರಿ, ಭಾರತರತ್ನ, ಇವು ಓದುಗರಿಗೆ ಬಾಯಿಪಾಠವಾಗಿರುವುದರಿಂದ ಅವನ್ನು ಮತ್ತೆ ಹೇಳುವುದಿಲ್ಲ.

ಮೊದಲು ಮೇಣದಬತ್ತಿಯನ್ನೇ ತೆಗೆದುಕೊಳ್ಳೋಣ. ಇದೇ ಕತೆಯನ್ನು ಎಂಟನೆಯ ಶತಮಾನದ ಆರಂಭದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಬಗ್ಗೆ ಇಸ್ಲಾಮೀ ಪರಂಪರೆ ಹೇಳಿಕೊಂಡು ಬಂದಿದೆ. ನಮ್ಮ ಕಡೆ ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ; ಅಲ್ಲಿ ಬತ್ತಿಯ ಬದಲು ಎಣ್ಣೆಯ ದೀಪ, ಎದುರಿಗೆ ಪರದೇಶದ ಅತಿಥಿ. ಅಂದರೆ ಇದು ಎಲ್ಲ ಒಳ್ಳೆಯ ಅಧಿಕಾರಿಗಳಿಗೂ ಹೊಂದುವ, ಊರೂರು ಸುತ್ತುವ ಕತೆ. ವಿಶ್ವೇಶ್ವರಯ್ಯನವರ ಪಾಲಿಗೆ ಬಂದಾಗ ಅದಕ್ಕೆ ಇನ್ನೊಂದು ತೊಡಕೂ ಇದೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ದೀಪ ಹೊತ್ತಿದ್ದು 1905ರಲ್ಲಿ. ಇವರು ಮೈಸೂರಿನ ದಿವಾನರಾದದ್ದು 1912ರಲ್ಲಿ. ತಾಲ್ಲೂಕಿನ ಕ್ಯಾಂಪಿನಲ್ಲಿ ನಡೆದಿರಬಹುದು ಎನ್ನುತ್ತೀರಾ? ನಡೆದಿರಲಿ. ನಿಜವೋ ಸುಳ್ಳೋ ಎಂಬುದು ನನ್ನ ಮುಖ್ಯ ಪ್ರಶ್ನೆಯಲ್ಲ.

ಕತೆ ಕಲಿಸುವುದೇನು ಎಂಬುದು ಪ್ರಶ್ನೆ. ಸರ್ಕಾರದ ದುಡ್ಡನ್ನು ಮುಟ್ಟಬೇಡ, ಉಳಿಸು ಎಂದು ಅದು ಕಲಿಸುತ್ತದೆ. ಬೇಡವೆನ್ನುವವರು ಯಾರು? ಆದರೆ ವಿಶ್ವೇಶ್ವರಯ್ಯನವರ ವೃತ್ತಿಜೀವನದ ಒಟ್ಟು ಜಗಳ ನಡೆದದ್ದು ಸರ್ಕಾರದ ದುಡ್ಡನ್ನು ಖರ್ಚು ಮಾಡಿಸುವುದಕ್ಕೆ. ಬೊಕ್ಕಸದ ಬಾಯಿ ಬಿಗಿಹಿಡಿದು ಕೂತವರ ಎದುರು ಅಂದಾಜುಪಟ್ಟಿ ಹಿಡಿದು ನಿಂತವರು ಅವರು. ಕಾವೇರಿಯ ಕನ್ನಂಬಾಡಿ ಕಟ್ಟೆಗೆ ಹಣಕಾಸಿನ ಕಡೆಯಿಂದಲೇ ಅಡ್ಡಿ ಬಂದಿತ್ತು. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಹೋಗುವ ವಿದ್ಯುತ್ತಿಗೆ ಬೇಸಿಗೆಯಲ್ಲೂ ನೀರು ಬೇಕು, ಗಣಿ ಕೊಡುವ ಹಣದಿಂದ ಕಟ್ಟೆಯ ಸಾಲಕ್ಕೆ ಆಧಾರ ಸಿಗುತ್ತದೆ ಎಂದು ವಾದಿಸಿ ಆ ಅಡ್ಡಿಯನ್ನು ದಾಟಿದರು. ಇಂಥವರನ್ನು ಬತ್ತಿ ಉಳಿಸಿದವರು ಎಂದು ನೆನೆಯುವುದು, ಹಬ್ಬದಡುಗೆ ಮಾಡಿದವರನ್ನು ಉಪ್ಪು ಚೆಲ್ಲಲಿಲ್ಲವೆಂದು ಹೊಗಳಿದ ಹಾಗೆ.

ಇನ್ನು ಪುಸ್ತಕಕ್ಕೆ ಬರೋಣ. ಅದು ರಸವತ್ತಾದ ಓದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸಮಸ್ಯೆ, ಆದೇಶ, ಕ್ರಮ, ಫಲ, ಹೀಗೆ ಕಚೇರಿಯ ಕಡತದ ನಡಿಗೆಯಲ್ಲೇ ಅದು ಸಾಗುತ್ತದೆ. ಮನೆ, ನೋವು, ಸ್ನೇಹ ಒಳಗೆ ಬರುವುದಿಲ್ಲ. ದಿವಾನ ವಿಶ್ವೇಶ್ವರಯ್ಯನವರ ಮಾತು, ಗತ್ತು, ಸಿಡುಕು ಬೇಕಿದ್ದವರು ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಗೇ ಹೋಗಬೇಕು. ಪಾಠ ಮಾರುವವರಿಗೆ ಈ ಪುಸ್ತಕ ಬೇಡವಾದದ್ದು ಬಹುಶಃ ಇದರಿಂದಲೇ. ಅದರಲ್ಲಿ ಕತೆಗಳಿಲ್ಲ, ತೀರ್ಮಾನಗಳಿವೆ. ತೀರ್ಮಾನವನ್ನು ಓದಬೇಕಾದರೆ ಅದರ ಹಿಂದೆ ಇದ್ದ ಬೇರೆ ದಾರಿಗಳೇನು, ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಓದುಗ ತಾನೇ ಹುಡುಕಿಕೊಳ್ಳಬೇಕಾಗುತ್ತದೆ.

ಎರಡು ತೀರ್ಮಾನಗಳನ್ನು ಹತ್ತಿರದಿಂದ ನೋಡೋಣ. ಬೊಂಬಾಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ ಅವರು ರೂಪಿಸಿದ ‘ಬ್ಲಾಕ್ ಪದ್ಧತಿ’ಯ ನೀರಾವರಿ ಮೊದಲನೆಯದು. ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ಎಲ್ಲರಿಗೂ ಗೊತ್ತು, ಯಂತ್ರವಾದ್ದರಿಂದ ಚಿತ್ರ ಬರೆದು ತೋರಿಸಬಹುದು. ಬ್ಲಾಕ್ ಪದ್ಧತಿಗೆ ಚಿತ್ರವಿಲ್ಲ. ಪುಣೆ ಸೀಮೆಯ ನೀರಾ ನಾಲೆಯಂಥ ಕಡೆ ಆಗುತ್ತಿದ್ದುದೇನು? ನಾಲೆಯ ಮೇಲ್ಭಾಗದವರು, ಕೈಯಲ್ಲಿ ದುಡ್ಡಿದ್ದವರು, ವರ್ಷಪೂರ್ತಿ ನೀರು ಕುಡಿಯುವ ಕಬ್ಬು ಹಾಕುತ್ತಿದ್ದರು. ಅವರ ಹೊಲ ಜೌಗಾಗುತ್ತಿತ್ತು, ಕೆಳಗಿನ ಊರಿನ ಹೊಲ ಒಣಗುತ್ತಿತ್ತು. ವಿಶ್ವೇಶ್ವರಯ್ಯ ಹೇಳಿದ್ದು: ನೀರನ್ನು ಊರೂರಿಗೆ ಬ್ಲಾಕುಗಳಾಗಿ ಹಂಚೋಣ, ಒಂದು ಬ್ಲಾಕಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ಕಬ್ಬಿನ ಸರದಿ ಪಾಲಿನಿಂದ ಪಾಲಿಗೆ ಸುತ್ತಲಿ, ಇದಕ್ಕೆ ಒಪ್ಪಿದವರಿಗೆ ಕೆಲವು ವರ್ಷ ನೀರು ಖಾತರಿ.

ಇಲ್ಲಿ ಇಂಜಿನಿಯರು ನೀರನ್ನು ಹೆಚ್ಚಿಸಿಲ್ಲ. ಇದ್ದ ನೀರಿನ ಹಕ್ಕನ್ನು ಬದಲಿಸಿದ್ದಾರೆ. ಅದು ತನ್ನಷ್ಟಕ್ಕೆ ಹರಿದರೆ ಮೇಲಿನವರಲ್ಲೇ ನಿಲ್ಲುತ್ತದೆ, ಕೊನೆಯ ಹೊಲಕ್ಕೆ ಮುಟ್ಟಬೇಕಾದರೆ ಮೊದಲ ಹೊಲದವನ ಪಾಲಿಗೆ ಮಿತಿ ಹಾಕಬೇಕು ಎಂದು ಕಂಡುಕೊಂಡಿದ್ದಾರೆ. ರೈತರು ಮೊದಲು ಎದುರು ನಿಂತರು. ನಿಲ್ಲದೆ ಏನು? ಮಿತಿ ಬಿದ್ದದ್ದು ಗಟ್ಟಿ ಧ್ವನಿಯವರ ಮೇಲೆ. ಆದರೂ ಅವರನ್ನು ಕೂರಿಸಿ ಮಾತಾಡಿ ಒಪ್ಪಿಸಿದರು. ಅಧಿಕಾರಿಯೊಬ್ಬ ವ್ಯವಸ್ಥೆಯ ಒಳಗಿದ್ದುಕೊಂಡೇ ಬಲಾಢ್ಯರ ಪಾಲನ್ನು ಕಡಿಮೆ ಮಾಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕನ್ನಡಿಗನ ವೃತ್ತಿಜೀವನದಲ್ಲಿ ನನಗೆ ಸಿಕ್ಕಿಲ್ಲ. ನಾಯಕತ್ವದ ಹತ್ತು ಸೂತ್ರಗಳಲ್ಲಿ ಇದಕ್ಕೆ ಜಾಗ ಸಿಕ್ಕಿದ್ದನ್ನು ನಾನು ನೋಡಿಲ್ಲ. ಕಂಪನಿಗಳ ತರಬೇತಿ ಕೋಣೆಯಲ್ಲಿ ಕೂತವರು ಹೆಚ್ಚಾಗಿ ಮೇಲ್ಭಾಗದ ಹೊಲದವರೇ ಆದ್ದರಿಂದ ಇರಬಹುದು.

ಎರಡನೆಯದು ಕನ್ನಂಬಾಡಿಯ ಅಡಿಪಾಯ. ಮೈಸೂರು 41 ಟಿಎಂಸಿ ಮೀರಿದ ದೊಡ್ಡ ಕಟ್ಟೆಗೆ ಯೋಜನೆ ಹಾಕಿತ್ತು. 1892ರ ಒಪ್ಪಂದದಂತೆ ಮದರಾಸು ಸರ್ಕಾರದ ಒಪ್ಪಿಗೆ ಬೇಕಿತ್ತು. ಅದು ಒಪ್ಪಿದ್ದು 11 ಟಿಎಂಸಿಯ ಸಣ್ಣ ಕಟ್ಟೆಗೆ ಮಾತ್ರ. 1911ರಲ್ಲಿ ಕೆಲಸ ಶುರುವಾದಾಗ ಅಡಿಪಾಯದ ಅಗಲವನ್ನು ದೊಡ್ಡ ಕಟ್ಟೆಗೆ ತಕ್ಕಂತೆಯೇ ಇಡಲಾಯಿತು. ಒಪ್ಪಿಗೆ ಸಣ್ಣದಕ್ಕೆ, ಬುನಾದಿ ದೊಡ್ಡದಕ್ಕೆ. ಮದರಾಸು ತಕರಾರು ತೆಗೆಯಿತು. 1914ರಲ್ಲಿ ಮಧ್ಯಸ್ಥಿಕೆ ವಹಿಸಿದ್ದ ಗ್ರಿಫಿನ್ ಪಂಚಾಯತಿ ಮೈಸೂರಿನ ಕಡೆ ತೀರ್ಪು ಕೊಟ್ಟರೂ ಜಗಳ ಲಂಡನ್ನಿನವರೆಗೆ ಹೋಗಿ, 1924ರ ಒಪ್ಪಂದದಲ್ಲಿ ಒಂದು ಹಂತಕ್ಕೆ ಬಂತು. ಆ ಒಪ್ಪಂದದ ಬಾಲ ಹಿಡಿದುಕೊಂಡೇ ಕಾವೇರಿ ವಿವಾದ ನಮ್ಮ ಕಾಲದವರೆಗೂ ಬಂದಿದೆ.

ಇದು ದೂರದೃಷ್ಟಿಯೇ, ಕಾನೂನನ್ನು ಬಗ್ಗಿಸಿದ್ದೇ? ಎರಡೂ ಎನ್ನುತ್ತೇನೆ. ಮುಂದೆ ಬರುವವರು ಹಿಂದಕ್ಕೆ ಹೋಗಲು ಆಗದಂತೆ ಕಲ್ಲಿನಲ್ಲೇ ತೀರ್ಮಾನ ಬರೆದಿಟ್ಟ ಕೆಲಸವದು. 1918ರಲ್ಲಿ ಅವರು ಹೊರಟುಹೋದರು. ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ. ಕಟ್ಟೆ ಕಟ್ಟಿದವರು ವಿಶ್ವೇಶ್ವರಯ್ಯನೋ ನಾಲ್ವಡಿ ಕೃಷ್ಣರಾಜ ಒಡೆಯರೋ ಎಂದು ವೇದಿಕೆ ಏರಿ ಹೊಡೆದಾಡುವವರಿಗೆ ಈ ಅಡಿಪಾಯದ ಪ್ರಶ್ನೆ ಕಾಣುವುದೇ ಇಲ್ಲ. ರಾಜನ ಬೆಂಬಲವಿಲ್ಲದೆ ಇಂಜಿನಿಯರು ಅಂಥ ಬುನಾದಿ ಇಡಲಾರ. ಇಂಜಿನಿಯರಿನ ಹಟವಿಲ್ಲದೆ ರಾಜನಿಗೆ ಆ ಯೋಚನೆ ಹೊಳೆಯಲಾರದು. ಈ ಇಬ್ಬರ ಪರ ನಿಂತವರ ಜಗಳದಲ್ಲಿ, ನೀರಿನಲ್ಲಿ ಮುಳುಗಿಹೋದ ಹಳೆಯ ಕನ್ನಂಬಾಡಿಯ ಜನ ಯಾರಿಗೂ ನೆನಪಾಗುವುದಿಲ್ಲ. ನಾಯಕತ್ವದ ಪಾಠ ಎಂದರೆ ಅವರ ಲೆಕ್ಕವೂ ಸೇರಬೇಕು.

ಈಗ ನಾನು ತಪ್ಪಿಸಿಕೊಳ್ಳಲಾರದ ಜಗಳಕ್ಕೆ ಬರುತ್ತೇನೆ. ಮೇಣದಬತ್ತಿಯವರಿಗೆ ಎದುರಾಗಿ ನಮ್ಮಲ್ಲಿ ಇನ್ನೊಂದು ವಿಮರ್ಶಕರ ಗುಂಪಿದೆ. ಅವರು ವಿಶ್ವೇಶ್ವರಯ್ಯನವರನ್ನು ಒಂದೇ ಪ್ರಸಂಗದಿಂದ ಅಳೆದು ಮುಗಿಸುತ್ತಾರೆ. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿಯವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ಆ ದಾರಿಯನ್ನು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಆದ್ದರಿಂದ, ಈ ವಿಮರ್ಶಕರ ಪ್ರಕಾರ, ಮನುಷ್ಯ ಜಾತಿವಾದಿ, ಕಡತ ಮುಚ್ಚಿ. ಮೇಣದಬತ್ತಿಯವರ ಉತ್ತರ ಇನ್ನೂ ಬಡವಾದದ್ದು: ಅರ್ಹತೆಗಾಗಿ ದಿವಾನಗಿರಿಯನ್ನೇ ಎಸೆದ ತ್ಯಾಗಿ! ಅದನ್ನೂ ಒಂದು ಪಾಠವನ್ನಾಗಿ ಮಾಡಿ ಹಂಚುತ್ತಾರೆ.

ಮೊದಲನೆಯವರಿಗೆ ನಾನು ಹೇಳುವುದು: 1913ರಲ್ಲಿ ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದ ದಿವಾನರನ್ನು ಇಷ್ಟು ಸುಲಭವಾಗಿ ಮಡಿಸಿ ಒಳಗಿಡಲಾಗುವುದಿಲ್ಲ. ಓದಿಸಿ ಮೇಲೆ ತರೋಣ, ಹುದ್ದೆಯ ಅಳತೆಗೋಲನ್ನು ಮುಟ್ಟುವುದು ಬೇಡ ಎಂಬುದು ಅವರ ನಿಲುವಾಗಿತ್ತು. ನಿಲುವು ತಪ್ಪು, ಆದರೆ ಅದು ನಿಲುವು, ಬರೀ ಹೊಟ್ಟೆಕಿಚ್ಚಲ್ಲ. ಎರಡನೆಯವರಿಗೆ ಹೇಳುವುದು ಇದಕ್ಕಿಂತ ಕಟುವಾದದ್ದು. ಜನಸಂಖ್ಯೆಯಲ್ಲಿ ಬೆರಳೆಣಿಕೆಯಷ್ಟಿದ್ದ ಸಮುದಾಯವೊಂದು ದೊಡ್ಡ ಹುದ್ದೆಗಳಲ್ಲಿ ತುಂಬಿಕೊಂಡಿದ್ದ ರಾಜ್ಯದಲ್ಲಿ ಅರ್ಹತೆ ತನ್ನಷ್ಟಕ್ಕೆ ಕೆಳಗಿಳಿದು ಬರುತ್ತದೆಂದು ನಂಬಿದವರು, ನೀರು ತನ್ನಷ್ಟಕ್ಕೆ ಕೊನೆಯ ಹೊಲಕ್ಕೆ ಹೋಗುವುದಿಲ್ಲವೆಂದು ನೀರಾ ನಾಲೆಯಲ್ಲಿ ಕಂಡುಕೊಂಡವರೇ. ಮಿಲ್ಲರ್ ಸಮಿತಿ ಕೇಳಿದ್ದು ಹುದ್ದೆಗಳ ಬ್ಲಾಕ್ ಪದ್ಧತಿಯನ್ನು. ಮೇಲ್ಭಾಗದವರಿಗೆ ಮಿತಿ, ಕೆಳಭಾಗದವರಿಗೆ ಖಾತರಿ, ನಿಗದಿತ ವರ್ಷಗಳ ಅವಧಿ. ಲೆಕ್ಕ ಅದೇ, ಹಂಚುವ ವಸ್ತು ಮಾತ್ರ ಬೇರೆ. ಅದನ್ನು ಕಂಡುಹಿಡಿದವರೇ ಅದನ್ನು ಗುರುತಿಸಲಿಲ್ಲ. ಅವರ ವೃತ್ತಿಜೀವನದ ದೊಡ್ಡ ಸೋಲು ಇದು. ಜಾತಿವಾದಿ ಎಂದು ಬೈದವರಿಗೂ ತ್ಯಾಗಿ ಎಂದು ಹೊಗಳಿದವರಿಗೂ ಈ ಸೋಲು ಕಾಣಲಿಲ್ಲ. ಇಬ್ಬರೂ ಅವರ ನೀರಾವರಿಯನ್ನು ಓದಲಿಲ್ಲ.

ಪುಸ್ತಕವೂ ಈ ಪ್ರಶ್ನೆಯ ಬಳಿ ಕೂರುವುದಿಲ್ಲ. ಅವರ ಅಭಿಪ್ರಾಯವನ್ನು ದಾಖಲಿಸಿ ಮುಂದಕ್ಕೆ ಹೋಗುತ್ತದೆ. ತೊಂಬತ್ತರ ವಯಸ್ಸಿನಲ್ಲಿ, ಮೂರು ದಶಕಗಳ ದೂರದಿಂದ ನೋಡುವಾಗಲೂ ಆ ನಿಲುವನ್ನು ಮತ್ತೆ ತೂಗಿ ನೋಡುವ ಮನಸ್ಸು ಅವರಿಗಿರಲಿಲ್ಲ. ಭದ್ರಾವತಿಯ ವಿಷಯದಲ್ಲಿ ಇದ್ದ ಧೈರ್ಯ ಇಲ್ಲಿ ಇಲ್ಲ. ದಿವಾನರಾಗಿ ಯೋಜಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡುವ ಹೊತ್ತಿಗೆ ಯುದ್ಧಾನಂತರದ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಬಿಳಿಯಾನೆ ಎಂದು ಜನ ಆಡಿಕೊಂಡರು. ಆಗ ಅವರು ದಿವಾನರಲ್ಲ, ಜವಾಬ್ದಾರಿ ಜಾರಿಸಬಹುದಿತ್ತು. ಹಾಗೆ ಮಾಡದೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ಅದರ ನಷ್ಟದ ಜೊತೆ ಗುದ್ದಾಡಿದರು. ತಾನು ಹುಟ್ಟಿಸಿದ ತೊಂದರೆಯನ್ನು ತಾನೇ ಹೊತ್ತುಕೊಳ್ಳುವುದು, ಇದು ನಿಜವಾಗಿ ವೃತ್ತಿಯ ಪಾಠ.

ಆದ್ದರಿಂದ ನನ್ನ ತೀರ್ಪು: ಒಳ್ಳೆಯ ಸಾಹಿತ್ಯವಲ್ಲದ, ತನ್ನ ದೊಡ್ಡ ತಪ್ಪಿನ ಎದುರು ಬಾಯಿ ಬಿಗಿಹಿಡಿದ ‘ಮೆಮಾಯರ್ಸ್’, ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಕನ್ನಡದಲ್ಲಿ ಮಾರಾಟವಾಗುತ್ತಿರುವ ಎಲ್ಲ ಯಶಸ್ಸಿನ ಸೂತ್ರಗಳಿಗಿಂತ ಬೆಲೆಯುಳ್ಳ ಪುಸ್ತಕ. ಸೂತ್ರಗಳು ಓದುಗನನ್ನು ಮೆಚ್ಚಿಕೊಳ್ಳಲು ಬಿಡುತ್ತವೆ, ಈ ಪುಸ್ತಕ ಲೆಕ್ಕ ಹಾಕಲು ಹಚ್ಚುತ್ತದೆ. ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳ ಮೇಷ್ಟರುಗಳಿಗೆ ಒಂದು ವಿನಂತಿ: ವಿದ್ಯಾರ್ಥಿಗಳ ಕೈಗೆ ಇದನ್ನು ಒಂಟಿಯಾಗಿ ಕೊಡಬೇಡಿ. ಪಕ್ಕದಲ್ಲಿ 1914ರ ಗ್ರಿಫಿನ್ ತೀರ್ಪನ್ನೂ ಮಿಲ್ಲರ್ ಸಮಿತಿಯ ವರದಿಯನ್ನೂ ಇಟ್ಟು ಓದಿಸಿ. ಮೂರನ್ನೂ ಓದಿದವನು ವಿಶ್ವೇಶ್ವರಯ್ಯನವರಿಗೆ ಕೈಮುಗಿಯಲಿ, ಬಿಡಲಿ. ಅವನಿಗೆ ಹತ್ತು ಪಾಠಗಳ ಪಟ್ಟಿ ಮಾತ್ರ ಬೇಕಾಗುವುದಿಲ್ಲ.