ಪ್ರತಿಪಕ್ಷಭಾವನೆಯೂ ಗೀಳುರೋಗದ ಚಿಕಿತ್ಸೆಯೂ

ಪಾತಂಜಲ ಯೋಗಸೂತ್ರದ ಸಾಧನಪಾದದಲ್ಲಿ ಹೇಳಿರುವ ಪ್ರತಿಪಕ್ಷಭಾವನೆಯೇ, ಗೀಳುರೋಗಕ್ಕೂ ಅದರೊಡನೆ ಹೆಣೆದುಕೊಂಡಿರುವ ಆತಂಕಕ್ಕೂ ಪಾಶ್ಚಾತ್ಯ ಮನೋವೈದ್ಯರು ಈಗ ಮಾಡುತ್ತಿರುವ ಚಿಕಿತ್ಸೆಯ ಮೂಲವೆಂದು ಹೇಳುವವರುಂಟು. ಸ್ವಶಾಸ್ತ್ರಾಭಿಮಾನವು ದೋಷವಲ್ಲ. ಆದರೆ ಎರಡು ವಸ್ತುಗಳಿಗೆ ಐಕ್ಯವನ್ನು ಹೇಳುವ ಮುನ್ನ ಎರಡರ ಲಕ್ಷಣವನ್ನೂ ನೋಡಬೇಕಷ್ಟೆ. ಹಾಗೆ ನೋಡಿದಲ್ಲಿ ಈ ಮತವು ನಿಲ್ಲುವುದಿಲ್ಲ. ಮತ್ತು ಇದನ್ನು ನಂಬಿದ ರೋಗಿಗೆ ಇದರಿಂದ ಹಾನಿಯೂ ಸಂಭವಿಸಬಹುದಾದುದರಿಂದ ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯತಕ್ಕ ವಿಷಯವಲ್ಲ.

ಮೊದಲು ಸೂತ್ರಾರ್ಥ. ಯಮನಿಯಮಗಳಿಗೆ ಬಾಧಕವಾದ ವಿತರ್ಕಗಳು ಉಂಟಾದಾಗ ಅವುಗಳ ಪ್ರತಿಪಕ್ಷವನ್ನು ಭಾವಿಸಬೇಕೆಂಬುದು ಸೂತ್ರಕಾರನ ವಿಧಿ. ಹಿಂಸಾದಿ ವಿತರ್ಕಗಳು ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದುದಕ್ಕೆ ಒಪ್ಪಿದ್ದು ಎಂದು ಮೂರು ಬಗೆಯಾದುವೆಂದೂ, ಲೋಭ ಕ್ರೋಧ ಮೋಹಗಳಿಂದ ಹುಟ್ಟುವುವೆಂದೂ, ದುಃಖವೂ ಅಜ್ಞಾನವೂ ಅವುಗಳ ಕೊನೆಯಿಲ್ಲದ ಫಲವೆಂದೂ ಮುಂದಿನ ಸೂತ್ರವು ವಿವರಿಸುವುದು. ಭಾಷ್ಯಕಾರನಾದ ವ್ಯಾಸನು ಇನ್ನೂ ಕಟುವಾಗಿ, ಬಿಟ್ಟುದನ್ನು ಮತ್ತೆ ಹಿಡಿಯುವ ಸಾಧಕನು ತನ್ನನ್ನು ತಾನೇ ಕಾರಿದುದನ್ನು ತಿನ್ನುವ ನಾಯಿಗೆ ಹೋಲಿಸಿಕೊಳ್ಳಬೇಕೆನ್ನುತ್ತಾನೆ. ಅಪಕಾರಿಯನ್ನು ಕೊಲ್ಲುವೆನು, ಸುಳ್ಳನ್ನಾಡುವೆನು, ಪರರ ಸೊತ್ತನ್ನು ತೆಗೆದುಕೊಳ್ಳುವೆನು ಎಂಬಿವು ಅವನು ಕೊಡುವ ಉದಾಹರಣೆಗಳು.

ಇಲ್ಲಿಯ ಕ್ರಿಯಾಪದಗಳನ್ನು ಗಮನಿಸಬೇಕು. 'ಕೊಲ್ಲುವೆನು' ಎಂಬುದು ಸಂಕಲ್ಪ. ಗೀಳುರೋಗಿಯ ಮನಸ್ಸಿನಲ್ಲಿ ಏಳುವುದಾದರೋ 'ಎಲ್ಲಿ ಕೊಂದುಬಿಡುವೆನೋ' ಎಂಬ ಭಯ. ಮಗುವಿಗೆ ಹಣ್ಣು ಹೆಚ್ಚಿಕೊಡುತ್ತಿರುವ ತಾಯಿಗೆ, ಈ ಚಾಕುವಿನಿಂದ ಮಗುವನ್ನೇ ಇರಿದರೇನು ಎಂಬ ಯೋಚನೆಯು ಬಂದು ಆಕೆ ಚಾಕುಗಳನ್ನೆಲ್ಲ ಬಚ್ಚಿಟ್ಟರೆ, ಅಲ್ಲಿ ಲೋಭವಿಲ್ಲ, ಕ್ರೋಧವಿಲ್ಲ, ಅನುಮೋದನೆಯಂತೂ ಲವಲೇಶವೂ ಇಲ್ಲ. ಇಂತಹ ಯೋಚನೆಗಳು ಆರೋಗ್ಯವಂತರಿಗೂ ಬರುವುವೆಂದು ರಾಕ್ಮನ್ ಮತ್ತು ಡಿ ಸಿಲ್ವಾ ಎಂಬ ವಿದ್ವಾಂಸರು 1978ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತನು ಅದನ್ನು ಲಕ್ಷಿಸದೆ ಮುಂದೆ ಹೋಗುವನು, ರೋಗಿಯು ಅದನ್ನೇ ತನ್ನ ಪಾಪಕ್ಕೆ ಸಾಕ್ಷಿಯೆಂದು ಹಿಡಿದು ನಿಲ್ಲುವನು. ಆದುದರಿಂದ ವಿತರ್ಕಲಕ್ಷಣವನ್ನು ಇಲ್ಲಿಗೆ ಎಳೆಯುವುದು ಅತಿವ್ಯಾಪ್ತಿಯಾಗುವುದು. ತನ್ನನ್ನು ಹಗಲಿರುಳೂ ನಿಂದಿಸಿಕೊಳ್ಳುತ್ತಿರುವವನಿಗೆ ಆ ನಾಯಿಯ ಹೋಲಿಕೆಯನ್ನು ಔಷಧವೆಂದು ಕೊಡುವುದು ಎಂತಹ ವೈದ್ಯ!

ಲಕ್ಷಣವು ಹೊಂದದಿದ್ದರೂ ಉಪಾಯವು ಫಲಿಸಬಹುದಲ್ಲವೇ ಎಂದರೆ, ಅದಕ್ಕೆ ವಿಯೆನ್ನಾ ನಗರದ ಫ್ರಾಯ್ಡ್ ಪಂಡಿತನು 1909ರಲ್ಲಿ ಪ್ರಕಟಿಸಿದ ಪ್ರಬಂಧವೇ ಉತ್ತರವಾಗಿದೆ. ಇಲಿಗಳ ವಿಷಯವಾದ ಒಂದು ಘೋರ ಕಲ್ಪನೆಯಿಂದ ಪೀಡಿತನಾದ ವಿದ್ಯಾವಂತ ತರುಣನೊಬ್ಬನ ವೃತ್ತಾಂತವದು. ಆ ತರುಣನು ಅನಿಷ್ಟಚಿಂತೆಯನ್ನು ತಡೆಯಲು ಪ್ರಾರ್ಥನೆ ಮಾಡತೊಡಗಿದನು. ದೇವರು ಅವರನ್ನು ಕಾಪಾಡಲಿ ಎನ್ನುವಾಗಲೆಲ್ಲ ನಡುವೆ 'ಕಾಪಾಡದಿರಲಿ' ಎಂಬ ನಿಷೇಧವು ನುಸುಳುತ್ತಿದ್ದಿತು. ಪ್ರಾರ್ಥನೆಯು ಬೆಳೆದು ಬೆಳೆದು ಒಂದೂವರೆ ಗಂಟೆಯ ಕಾಲವನ್ನು ತಿನ್ನುವಂತಾಯಿತು. ಕಡೆಗೆ, ಬೇಡದ ಪದವು ಹೊಗಲು ಸಂದಿಯೇ ಇರಬಾರದೆಂದು, ಪ್ರಾರ್ಥನೆಗಳ ಮೊದಲಕ್ಷರಗಳನ್ನು ಕೂಡಿಸಿ ಬೀಜಮಂತ್ರದಂತಹ ಒಂದು ಶಬ್ದವನ್ನು ಅವನು ಕಲ್ಪಿಸಿಕೊಂಡನು! ಮತ್ತೊಂದು ಪ್ರಸಂಗದಲ್ಲಿ, ತಾನು ಪ್ರೀತಿಸುತ್ತಿದ್ದ ಮಹಿಳೆಯ ಗಾಡಿಯು ಎಡವೀತೆಂದು ದಾರಿಯ ಕಲ್ಲನ್ನು ತೆಗೆದು ಪಕ್ಕಕ್ಕೆ ಹಾಕಿ, ಸ್ವಲ್ಪ ಹೊತ್ತಿನಲ್ಲಿಯೇ ಇದು ಅವಿವೇಕವೆಂದು ತೋರಿ, ಹಿಂದಿರುಗಿ ಆ ಕಲ್ಲನ್ನು ಇದ್ದ ಸ್ಥಳದಲ್ಲಿಯೇ ಇಟ್ಟನು.

ಕಲ್ಲನ್ನು ತೆಗೆದುದರಲ್ಲಿ ಪ್ರೇಮವನ್ನೂ ಮತ್ತೆ ಇಟ್ಟುದರಲ್ಲಿ ಗೂಢವಾದ ದ್ವೇಷವನ್ನೂ ಫ್ರಾಯ್ಡನು ಕಾಣುತ್ತಾನೆ. ವ್ಯಾಖ್ಯಾನವು ಚತುರವಾದುದು, ಶ್ಲೇಷಕಾವ್ಯಕ್ಕೆ ಟೀಕೆ ಬರೆದವರಿಗೆ ಇಂತಹ ಚಾತುರ್ಯದ ಸುಖವೂ ಅದರ ಅಪಾಯವೂ ಗೊತ್ತು. ಆದರೆ ವ್ಯಾಖ್ಯಾನಕ್ಕಿಂತ ಅವನು ಕಂಡು ಬರೆದಿಟ್ಟ ಸಂಗತಿಗಳೇ ಬೆಲೆಯುಳ್ಳವು. ಪ್ರತಿಪಕ್ಷವನ್ನು ಭಾವಿಸಿದಷ್ಟೂ ಪಕ್ಷವು ಬಲಿಯುತ್ತದೆ, ಪ್ರಾರ್ಥನೆಯೇ ಶಾಪಕ್ಕೆ ಆಶ್ರಯವಾಗುತ್ತದೆ ಎಂಬುದು ಅವುಗಳಿಂದ ಸ್ಪಷ್ಟ. ಈ ರೋಗದಲ್ಲಿ ಪ್ರತಿಪಕ್ಷಭಾವನೆಯು ಚಿಕಿತ್ಸೆಯಲ್ಲ, ರೋಗದ ಅರ್ಧಾಂಗವೇ ಆಗಿದೆ.

ಇದಕ್ಕೆ ವಿಪರೀತವಾದ ಮಾರ್ಗವನ್ನು ಲಂಡನ್ನಿನ ವಿಕ್ಟರ್ ಮೆಯರ್ ಎಂಬಾತನು 1966ರಲ್ಲಿ ಇಬ್ಬರು ರೋಗಿಗಳ ವೃತ್ತಾಂತದ ಮೂಲಕ ಪ್ರಕಟಪಡಿಸಿದನು. ಕೊಳೆಗೆ ಹೆದರುವವರನ್ನು ಕೊಳೆಯೆಂದು ಅವರು ತಿಳಿದ ವಸ್ತುಗಳನ್ನೇ ಮುಟ್ಟಿಸಿ, ತೊಳೆಯದಂತೆ ತಡೆಯುವುದು. ಆಸ್ಪತ್ರೆಯ ದಾದಿಯರು ಜೊತೆಯಲ್ಲಿಯೇ ಇದ್ದು ಕಾಯುವುದು. ಭಯಪಟ್ಟ ಅನರ್ಥವು ಸಂಭವಿಸಲಿಲ್ಲವೆಂಬುದನ್ನು ರೋಗಿಯೇ ಅನುಭವದಿಂದ ಕಾಣುವಂತೆ ಮಾಡುವುದು. 1974ರಲ್ಲಿ ಅವನೂ ಸಹೋದ್ಯೋಗಿಗಳೂ 15 ಮಂದಿಯ ಫಲವನ್ನು ತಿಳಿಸಿದರು. ಅವರಲ್ಲಿ 10 ಮಂದಿಗೆ ಬಹಳವಾಗಿ ಗುಣ ಕಂಡಿದ್ದಿತು. ಈಗಿನ ಚಿಕಿತ್ಸಕರು ಬಲಾತ್ಕಾರದ ಕಾವಲನ್ನು ಬಿಟ್ಟು, ರೋಗಿಯ ಸಮ್ಮತಿಯಿಂದ, ಅಲ್ಪಭಯದ ವಸ್ತುವಿನಿಂದ ಮಹಾಭಯದ ವಸ್ತುವಿನವರೆಗೆ ಮೆಟ್ಟಲು ಕಟ್ಟಿ ನಡೆಸುವರು. ಅಗತ್ಯವಿದ್ದೆಡೆ ಔಷಧವನ್ನೂ ಕೊಡಿಸುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಪದ್ಧತಿಯು ಬಳಕೆಯಲ್ಲಿದೆ. ಇದರಲ್ಲಿ ದುಶ್ಚಿಂತೆಗೆ ಎದುರಾಗಿ ಸಚ್ಚಿಂತೆಯನ್ನು ನಿಲ್ಲಿಸುವ ಪ್ರಸಕ್ತಿಯೇ ಇಲ್ಲ. ಚಿಂತೆಯನ್ನು ಬರಗೊಟ್ಟು, ಉತ್ತರ ಕೊಡದೆ ಇರುವುದೇ ಅಭ್ಯಾಸ.

ಇಲ್ಲಿ ಮಡಿವಂತಿಕೆಯನ್ನು ದೂಷಿಸಲು ಅವಸರಪಡುವವರು ಮನುಸ್ಮೃತಿಯ ಐದನೆಯ ಅಧ್ಯಾಯವನ್ನು ನೋಡುವುದು ಒಳ್ಳೆಯದು. ದೋಷವು ಕಣ್ಣಿಗೆ ಕಾಣದ ವಸ್ತು, ನೀರಿನಿಂದ ತೊಳೆದ ವಸ್ತು, ಶುದ್ಧವೆಂದು ಬಾಯಿಮಾತಿನಿಂದ ಪ್ರಶಸ್ತವಾದ ವಸ್ತು, ಈ ಮೂರನ್ನೂ ಶುದ್ಧವೆಂದೇ ತಿಳಿಯಬೇಕೆಂದು ಅಲ್ಲಿ ವಿಧಿಯಿದೆ. ಶಂಕೆಗೆ ಮೇರೆಯನ್ನು ಕಟ್ಟಿರುವುದು ಶಾಸ್ತ್ರ; ಮೇರೆಯನ್ನು ಕಿತ್ತಿರುವುದು ರೋಗ. ಆದರೂ ಮೂರನೆಯದರಲ್ಲಿ ಎಚ್ಚರವಿರಬೇಕು. ಶುದ್ಧವಾಯಿತೇ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳುವುದು ಆಚಾರ. ಹತ್ತನೆಯ ಸಲ ಕೇಳುವುದು ರೋಗ. ಆ ಹತ್ತನೆಯ ಸಲಕ್ಕೂ ಕನಿಕರದಿಂದ 'ಆಯಿತು' ಎನ್ನುವುದು ರೋಗಕ್ಕೆ ಉಣಿಸಿದಂತೆ. ಚಿಕಿತ್ಸಕರು ಮನೆಮಂದಿಗೆ ಇದನ್ನು ಬಿಡಿಸುವುದಕ್ಕೆ ಬಹಳ ಶ್ರಮಪಡುವರು.

ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಸಮೀಪವಾದ ಸ್ಥಳವನ್ನು ತೋರಿಸಲೇಬೇಕೆಂದರೆ ಅದು ಯೋಗದಲ್ಲಲ್ಲ, ನ್ಯಾಯದಲ್ಲಿ. ಉದಯನಾಚಾರ್ಯನು ಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ, ಶಂಕೆಗೆ ವ್ಯಾಘಾತವೇ ಅವಧಿಯೆನ್ನುತ್ತಾನೆ. ಹೊಗೆ ಬೇಕಾದಾಗ ಬೆಂಕಿಯನ್ನೂ ಹಸಿದಾಗ ಅನ್ನವನ್ನೂ ನಿಸ್ಸಂಶಯವಾಗಿ ಅರಸುವವನು ಕಾರ್ಯಕಾರಣಭಾವವನ್ನು ಶಂಕಿಸುವೆನೆಂದರೆ ಅವನ ನಡತೆಯೇ ಅವನ ಶಂಕೆಯನ್ನು ಅಲ್ಲಗಳೆಯುವುದು. ಇಲ್ಲಿ ಶಂಕೆಯನ್ನು ನಿಲ್ಲಿಸುವುದು ಮತ್ತೊಂದು ಪ್ರಮಾಣವಲ್ಲ, ಪ್ರವೃತ್ತಿ. ಬಾಗಿಲ ಚಿಲಕವನ್ನು ಮುಟ್ಟಿದ ಕೈಯಿಂದ ತೊಳೆಯದೆಯೇ ಉಣ್ಣಿಸುವ ಚಿಕಿತ್ಸಕನೂ ಇದನ್ನೇ ಮಾಡಿಸುತ್ತಾನೆ. ಶಂಕೆಯನ್ನು ಖಂಡಿಸುವುದಿಲ್ಲ, ಅದಿರುವಂತೆಯೇ ಪ್ರವೃತ್ತಿಯನ್ನು ನಡೆಸುತ್ತಾನೆ. ವ್ಯಾಘಾತವಿರುವುದಾದರೆ ಶಂಕೆಯೂ ಇದ್ದೇ ಇದೆಯೆಂದು ಖಂಡನಖಂಡಖಾದ್ಯದ ಶ್ರೀಹರ್ಷನು ಆಚಾರ್ಯನ ಮಾತನ್ನೇ ತಿರುಗಿಸಿದನಲ್ಲವೆ? ಚಿಕಿತ್ಸಕನಿಗೆ ಅದೂ ಸಮ್ಮತವೇ; ಶಂಕೆಯು ಉಳಿದರೂ ಊಟವು ನಡೆದರೆ ಸಾಕು. ಆದರೆ ಈ ಸಾಮ್ಯವೂ ಏಕದೇಶದ್ದು. ಉದಯನನ ಪ್ರತಿವಾದಿಯು ವಾದ ಮುಗಿದ ಮೇಲೆ ಮನೆಗೆ ಹೋಗಿ ಉಣ್ಣುವನು. ಗೀಳುರೋಗಿಯು ಎಲೆಯ ಮುಂದೆ ಕುಳಿತು ನಡುಗುವನು. ಆ ನಡುಕಕ್ಕೆ ಕುಸುಮಾಂಜಲಿಯಲ್ಲಿ ಉತ್ತರವನ್ನು ಹುಡುಕುವುದು ಗ್ರಂಥಕ್ಕೂ ರೋಗಿಗೂ ಅನ್ಯಾಯ.

ಪ್ರತಿಪಕ್ಷವೆಂಬ ಪದವು ಬೇಕೇ ಬೇಕಾದರೆ, 1958ರಲ್ಲಿ ಜೋಸೆಫ್ ವೋಲ್ಪೆಯು ಭಯಕ್ಕೆ ವಿರುದ್ಧವಾದ ದೇಹವಿಶ್ರಾಂತಿಯನ್ನು ಎದುರು ನಿಲ್ಲಿಸಿ ರಚಿಸಿದ ಪದ್ಧತಿಗೆ ಅದು ಒಂದು ಮಟ್ಟಿಗೆ ಸಲ್ಲಬಹುದು. ಮೆಯರನ ಪದ್ಧತಿಗೆ ಅಭಿಮುಖೀಕರಣ, ಪ್ರತಿಕ್ರಿಯಾನಿರೋಧ ಎಂಬ ಹೊಸ ಪದಗಳನ್ನೇ ಬಳಸುವುದು ಯುಕ್ತ.