ಬಿಡಿಭಾಗಗಳ ದಾಸ್ತಾನು: ವಿಮಾನದ ಗಣಿತವೂ ಹಾವೇರಿಯ ಬಸ್ಸೂ

ಕ್ರೇಗ್ ಶೆರ್‌ಬ್ರೂಕ್ ಅಮೆರಿಕದ ವಾಯುಪಡೆಗಾಗಿ ರೂಪಿಸಿ 1968ರಲ್ಲಿ ಪ್ರಕಟಿಸಿದ ‘ಮೆಟ್ರಿಕ್’ ಮಾದರಿಯು (ದಶಮಾನ ಅಳತೆಗೂ ಈ ಹೆಸರಿಗೂ ಸಂಬಂಧವಿಲ್ಲ) ವಿಮಾನಗಳ ಬಿಡಿಭಾಗಗಳ ಲೆಕ್ಕಕ್ಕೆ ಅಡಿಗಲ್ಲಾದುದು ವಿದಿತವೇ ಇದೆ. ದುರಸ್ತಿಯಾಗಿ ಮರಳುವ ಬೆಲೆಬಾಳುವ ಭಾಗಗಳನ್ನು ಕೇಂದ್ರದಲ್ಲೆಷ್ಟು, ನೆಲೆಗಳಲ್ಲೆಷ್ಟು ಇಡಬೇಕು? ಇರುವ ಹಣದೊಳಗೆ, ಪೂರೈಸಲಾಗದೆ ಉಳಿಯುವ ಬೇಡಿಕೆಗಳ ನಿರೀಕ್ಷಿತ ಮೊತ್ತವು ಕನಿಷ್ಠವಾಗುವಂತೆ ಇಡಬೇಕೆಂಬುದೇ ಅದರ ಉತ್ತರ.

ಈ ಮಾದರಿಯನ್ನು ವಿಮಾನನಿಲ್ದಾಣವಿಲ್ಲದ ಹಾವೇರಿ ಜಿಲ್ಲೆಗೆ ತಂದು ಪರೀಕ್ಷಿಸುವುದು ನಮ್ಮ ಉದ್ದೇಶ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು ಘಟಕಗಳು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿವೆ. ಪ್ರಾದೇಶಿಕ ಕಾರ್ಯಾಗಾರವು ಹುಬ್ಬಳ್ಳಿಯಲ್ಲಿದೆ. ಶೆರ್‌ಬ್ರೂಕನ ಎರಡು ಅಂತಸ್ತುಗಳು ಇಲ್ಲಿ ತಾವಾಗಿಯೇ ಒದಗುತ್ತವೆ. ಆದರೆ ನೆಲೆಗಳು ತಮ್ಮೊಳಗೆ ಭಾಗಗಳನ್ನು ಕೊಟ್ಟುಕೊಳ್ಳುವುದಿಲ್ಲವೆಂಬ ಅವನ ಕಲ್ಪನೆಯು ಇಲ್ಲಿ ನಿಲ್ಲಲಾರದು. ಬ್ಯಾಡಗಿ ಹೆದ್ದಾರಿಯಿಂದ ತುಸು ಒಳಗಿದ್ದರೂ ಮೂರೂರುಗಳ ನಡುವೆ ಓಡಾಡುವುದು ಅದೇ ಸಂಸ್ಥೆಯ ಬಸ್ಸುಗಳೇ. ಸಾಗಿಸುವ ವಾಹನವೂ ಸಾಗಬೇಕಾದ ಭಾಗವೂ ಒಂದೇ ಮನೆಯವು. 1987ರಲ್ಲಿ ಹೌ ಲೀ ತುರ್ತಿನ ಅಡ್ಡಸಾಗಣೆಯನ್ನು ಲೆಕ್ಕಕ್ಕೆ ಸೇರಿಸಿ ಈ ಕೊರತೆಯನ್ನು ನೀಗಿದನು.

ಇದರ ಲಾಭವು ಅಲ್ಪವಲ್ಲ. ಹೊಸ ಪೂರೈಕೆ ಬರುವುದರೊಳಗೆ ಪ್ರತಿ ಘಟಕಕ್ಕೆ ಸರಾಸರಿ 1 ಆಲ್ಟರ್ನೇಟರ್ ಬೇಕಾಗುವುದೆಂದೂ ಬೇಡಿಕೆಯು ಪ್ವಾಸೋನ್ ವಿತರಣೆಯದೆಂದೂ ಇಟ್ಟುಕೊಳ್ಳೋಣ. ನೂರಕ್ಕೆ 95 ಸಲವಾದರೂ ಕೊರತೆಯಾಗದಿರಲು ಘಟಕಕ್ಕೆ 3ರಂತೆ 9 ಬೇಕು. ಮೂರನ್ನೂ ಒಂದೇ ಉಗ್ರಾಣವೆಂದೆಣಿಸಿದರೆ 6 ಸಾಕು. ಆದರೆ ಈ ಆರು ಸಾಕಾಗುವುದು ಬೇಡಿಕೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಗೆ ಜನ ಮುಗಿಬೀಳುವ ದಿನ ಮೂರೂ ಘಟಕಗಳ ಬಸ್ಸುಗಳು ಒಂದೇ ಬಿಸಿಲಿನಲ್ಲಿ, ಒಂದೇ ಧೂಳಿನಲ್ಲಿ, ಒಂದೇ ಹೊರೆ ಹೊತ್ತು ಓಡುವುವು. ಕೆಡುವುದೂ ಒಟ್ಟಿಗೇ ಆದಷ್ಟೂ ಲೆಕ್ಕವು ಮತ್ತೆ 9ರತ್ತ ಸರಿಯುತ್ತದೆ.

ನಮ್ಮ ಮುಖ್ಯ ಆಕ್ಷೇಪ ಬೇರೆಯದು. ಬರಿಯ ಮೊತ್ತವನ್ನು ಇಳಿಸಹೊರಟ ಮಾದರಿಯು ಕೊರತೆ ಯಾರ ಪಾಲಿಗೆ ಬಿತ್ತೆಂದು ಕೇಳದು. ಬೇಡಿಕೆ ಹೆಚ್ಚಿರುವ ಘಟಕದಲ್ಲಿಟ್ಟ ಭಾಗವೇ ಮೊತ್ತವನ್ನು ಹೆಚ್ಚು ತಗ್ಗಿಸುವುದರಿಂದ ದಾಸ್ತಾನು ದೊಡ್ಡೂರಿನತ್ತ ವಾಲುತ್ತದೆ. ರಾಣೆಬೆನ್ನೂರಿನಿಂದ ಹೆದ್ದಾರಿಯ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಬೆಳಗಿಗೆ ಒಂದೇ ಬಸ್ಸಿರುವ ಹಳ್ಳಿಯಲ್ಲಿ ಅದು ತಪ್ಪಿತೆಂದರೆ ಹುಡುಗಿಯರ ಆ ದಿನದ ಕಾಲೇಜು ತಪ್ಪಿತು, ಗರ್ಭಿಣಿಯ ಆಸ್ಪತ್ರೆ ತಪ್ಪಿತು. ಗಣಿತದಲ್ಲಿ ಎರಡೂ ‘1’!

ಆದುದರಿಂದ ಪ್ರತಿಯೊಂದು ಕೊರತೆಗೂ, ಅದರಿಂದ ರದ್ದಾಗುವ ಬಸ್ಸಿಗೂ ಅದೇ ದಾರಿಯ ಮುಂದಿನ ಬಸ್ಸಿಗೂ ನಡುವಣ ನಿಮಿಷಗಳನ್ನು ತೂಕವಾಗಿ ಕೊಡಬೇಕೆಂದು ಸೂಚಿಸುತ್ತೇವೆ. ಮಾದರಿಯ ಗಣಿತವು ಇದನ್ನು ತೊಡಕಿಲ್ಲದೆ ತಾಳಿಕೊಳ್ಳುತ್ತದೆ. ಬೇಕಾದ ಅಂಕಿಗಳೂ ವೇಳಾಪಟ್ಟಿಯಲ್ಲೇ ಇವೆ.