ಪ್ರತಿಕೃತಿಯಲ್ಲಿ ಪಾಠಶುದ್ಧಿ

ಪ್ರಾಚೀನ ಗ್ರಂಥಗಳ ಪಾಠಪರಿಷ್ಕರಣದಲ್ಲಿಯೇ ಕಾಲವನ್ನು ಕಳೆದವನಿಗೆ ಹಡಗುಗಳ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಶಂಕಿಸುವುದು ಸಹಜವೇ. ಅದಕ್ಕೆ ಸಮಾಧಾನವಿದು. ನಮ್ಮ ಬಂಧುಗಳಲ್ಲಿ ತರುಣರೊಬ್ಬರು, ಎರಡು ಪಾರ್ಶ್ವಗಳಲ್ಲಿಯೂ ಹುಟ್ಟುಚಕ್ರಗಳುಳ್ಳ ಉಗಿಯ ಎಳೆಹಡಗೊಂದರ ಪ್ರತಿಕೃತಿಯನ್ನು ಮರದಲ್ಲಿ ರಚಿಸತೊಡಗಿ, ಡೆಕ್ಕಿನ ಮೇಲಣ ಉಪಕರಣಗಳು ಯಥಾರ್ಥವಾಗಿರಬೇಕಾದರೆ ಯಾವುದನ್ನು ಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂದು ನನ್ನನ್ನು ಕೇಳಿದರು. ಅವರ ಕೈಯಲ್ಲಿದ್ದುದು ಆಂಗ್ಲ ಚಿತ್ರಕಾರನಾದ ಟರ್ನರನ ‘ಫೈಟಿಂಗ್ ಟೆಮರೇರ್’ ಎಂಬ ಚಿತ್ರದ ಅಚ್ಚಿನ ಪ್ರತಿ. ವಿಚಾರಿಸಿದಂತೆಲ್ಲ ಇದು ನಮ್ಮ ಓಲೆಯ ಪ್ರತಿಗಳ ಪ್ರಶ್ನೆಯೇ ಎಂದು ನನಗೆ ಮನವರಿಕೆಯಾಯಿತು.

ಮೊದಲು ಚಿತ್ರವನ್ನು ಪರಿಶೀಲಿಸೋಣ. 98 ಫಿರಂಗಿಗಳ ಟೆಮರೇರ್ ನೌಕೆಯು 1798ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಯುದ್ಧದಲ್ಲಿ ಹೋರಾಡಿ, 1838ರಲ್ಲಿ ಹಡಗು ಒಡೆಯುವ ವರ್ತಕನಿಗೆ ಮಾರಾಟವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡು ಎಳೆಹಡಗುಗಳು ಅದನ್ನು ಶೀರ್‌ನೆಸ್ಸಿನಿಂದ ರಾದರ್‌ಹೈತಿಗೆ ಥೇಮ್ಸ್ ನದಿಯ ಮಾರ್ಗವಾಗಿ ಎಳೆದೊಯ್ದವು. ಆ ವೇಳೆಗೆ ನೌಕೆಯ ಕೂವೆಗಳನ್ನು ಕಿತ್ತುಹಾಕಿದ್ದರು. 1839ರಲ್ಲಿ ಪ್ರದರ್ಶಿತವಾದ ಚಿತ್ರದಲ್ಲಾದರೋ ನೌಕೆಗೆ ಕೂವೆಗಳಿವೆ, ಎಳೆಹಡಗು ಒಂದೇ, ಅದರ ಹೊಗೆಕೊಳವೆಯು ಅದರ ಕೂವೆಗಿಂತ ಮುಂದಿದೆ. ಕೂವೆಯು ಮುಂದೆ, ಕೊಳವೆಯು ಹಿಂದೆ ಇರುವುದು ಅಂದಿನ ಎಳೆಹಡಗುಗಳ ಕ್ರಮ. ಆದುದರಿಂದಲೇ 1845ರಲ್ಲಿ ಈ ಚಿತ್ರವನ್ನು ಲೋಹದ ತಗಡಿನಲ್ಲಿ ಕೊರೆದ ವಿಲ್ಮೋರನು ಅವೆರಡನ್ನೂ ಸ್ಥಾನಪಲ್ಲಟಗೊಳಿಸಿದನು.

ಈ ತಿದ್ದುವಿಕೆ ಯುಕ್ತವೇ? ಹಡಗಿನ ದೃಷ್ಟಿಯಿಂದ ಯುಕ್ತ. ಚಿತ್ರದ ದೃಷ್ಟಿಯಿಂದ ಅಯುಕ್ತವೆಂದು ನಮ್ಮ ಅಭಿಪ್ರಾಯ. ಔಚಿತ್ಯವೇ ರಸವತ್ತಾದ ಕಾವ್ಯದ ಜೀವಿತವೆಂದು ಸಾಧಿಸಿದ ಕ್ಷೇಮೇಂದ್ರನ ಮತವನ್ನು ಇಲ್ಲಿ ಸ್ಮರಿಸಬಹುದು. ಬಿಳುಪೇರಿದ ವೃದ್ಧನೌಕೆಯ ಮುಂದೆ ಕರಿಯ ಕೊಳವೆಯೂ ಅದರ ಬೆಂಕಿಹೊಗೆಯೂ ಸಾಗುವುದರಿಂದಲೇ ಆ ಚಿತ್ರದಲ್ಲಿ ಕರುಣವು ನೆಲೆಗೊಂಡಿದೆ. ಕೂವೆಯನ್ನು ಮುಂದಿಟ್ಟೊಡನೆ ಲೋಕಕ್ರಮವು ಉಳಿಯಿತು, ರಸವು ಕುಂದಿತು. ನಾನೂ ಒಮ್ಮೆ ವಿಲ್ಮೋರನೇ ಆಗಿದ್ದೆನೆಂದು ಒಪ್ಪಿಕೊಳ್ಳಬೇಕಾಗಿದೆ. ಕಾವ್ಯವೊಂದರ ಏಕೈಕ ಪ್ರತಿಯಲ್ಲಿದ್ದ ಅಪರೂಪದ ಶಬ್ದವನ್ನು ಲಿಪಿಕಾರನ ಪ್ರಮಾದವೆಂದು ತಿಳಿದು, ಸುಲಭವಾದ ಬೇರೊಂದು ಶಬ್ದವನ್ನು ಅಚ್ಚುಹಾಕಿಸಿದೆನು. ತರುವಾಯ ಎರಡನೆಯ ಪ್ರತಿಯು ದೊರೆತಾಗ ಲಿಪಿಕಾರನೇ ಸರಿ, ನಾನೇ ತಪ್ಪು ಎಂದು ತಿಳಿಯಿತು. ಅಷ್ಟರಲ್ಲಿ ನನ್ನ ಪಾಠವು ತರಗತಿಗಳನ್ನು ಸೇರಿಬಿಟ್ಟಿತ್ತು.

ಹಾಗಾದರೆ ಪ್ರತಿಕೃತಿಗೆ ಪ್ರಮಾಣವಾವುದು? ಉಳಿದಿರುವ ಹಡಗನ್ನೇ ಅಳೆದರೆ ಸಾಲದೇ ಎಂದು ಪೂರ್ವಪಕ್ಷ. ಪ್ರತ್ಯಕ್ಷವೂ ಪರೀಕ್ಷೆಗೆ ಒಳಪಟ್ಟುದೇ. 1914ರಲ್ಲಿ ಸೌತ್ ಶೀಲ್ಡ್ಸಿನಲ್ಲಿ ನಿರ್ಮಿತವಾದ ಎಪಲ್ಟನ್ ಹಾಲ್ ಎಂಬ ಎಳೆಹಡಗು ಗುಜರಿಯ ಪಾಲಾಗಿ, ಅದರ ಮರದ ಹಿಂಡೆಕ್ಕು ಸುಟ್ಟುಹೋಗಿತ್ತು. ಅನಂತರ ಜೀರ್ಣೋದ್ಧಾರವನ್ನು ಪಡೆದು, 1969–70ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಸೇರಿತು. ಈ ಯಾತ್ರೆಗಾಗಿ ಕಲ್ಲಿದ್ದಲಿಗೆ ಬದಲು ಎಣ್ಣೆಯನ್ನು ಉರಿಸುವಂತೆ ಮಾಡಿದರು. ಚುಕ್ಕಾಣಿಯ ಕಟ್ಟೆಗೆ ಗೋಡೆಗಳನ್ನೆತ್ತಿ ಮುಚ್ಚಿದರು. ಈಗಿನ ರೂಪವನ್ನು ಅಳೆದು 1914ರ ಹಡಗೆಂದು ಹೆಸರಿಟ್ಟರೆ, ಪ್ರಕ್ಷೇಪವನ್ನು ಮೂಲವೆಂದು ಓದಿದಂತಾಗುವುದು. ಆದಕಾರಣ ಹಡಗನ್ನು ನಿರ್ಮಾಣಕಾಲದ ನಕ್ಷೆಯೊಡನೆಯೂ, ವರ್ಷವು ತಿಳಿದಿರುವ ಛಾಯಾಚಿತ್ರಗಳೊಡನೆಯೂ ಹೋಲಿಸಿ ಓದಬೇಕು.

ಅನುಮಾನಕ್ಕೂ ಇಲ್ಲಿ ಸ್ಥಾನವುಂಟು. ಎಳೆಹಡಗಿನ ಕೊಕ್ಕೆಯು ಹಿಂದಿನ ತುದಿಯಲ್ಲಿರದೆ ನಡುಭಾಗದ ಸಮೀಪದಲ್ಲಿರುತ್ತದೆ. ಹಗ್ಗವು ಬಿಗಿದಾಗಲೂ ಹಡಗು ತಿರುಗುವುದಕ್ಕೆ ಇದರಿಂದ ಅನುಕೂಲ. ಆ ಹಗ್ಗವು ಹಿಂಡೆಕ್ಕಿನ ಮೇಲೆ ಎಡಕ್ಕೂ ಬಲಕ್ಕೂ ಸರಿದಾಡುವುದರಿಂದ, ಅದು ಯಾವುದಕ್ಕೂ ಸಿಕ್ಕಿಕೊಳ್ಳದಂತೆ ಡೆಕ್ಕಿಗೆ ಅಡ್ಡಲಾಗಿ ಬಿಲ್ಲಿನಾಕಾರದ ಕಮಾನುಗಳಿರುತ್ತವೆ. ಅಂಗಡಿಯಲ್ಲಿ ದೊರೆಯುವ ಅಂದವಾದ ಗಾಳಿಕೊಳವೆಯನ್ನು ಆ ಹಗ್ಗದ ಹಾದಿಯಲ್ಲಿ ನಿಲ್ಲಿಸಿದರೆ ಮೊದಲನೆಯ ಎಳೆತದಲ್ಲಿಯೇ ಅದು ಮುರಿಯಬೇಕು. ಮಾನವೂ ಹೀಗೆಯೇ ಸಾಕ್ಷಿ ನುಡಿಯುತ್ತದೆ. ನಲವತ್ತೆಂಟರಲ್ಲೊಂದು ಪಾಲಿನ ಪ್ರತಿಕೃತಿಯಲ್ಲಿ 3 ಅಡಿಯ ಕಟಾಂಜನವು ಮುಕ್ಕಾಲು ಅಂಗುಲ. ಅದು ಒಂದೂವರೆ ಅಂಗುಲವಾದರೆ 6 ಅಡಿಯ ನಾವಿಕನಿಗೆ ನದಿಯೇ ಕಾಣದು.

ಯಾವ ಪ್ರಮಾಣವೂ ದೊರೆಯದ ಸ್ಥಳದಲ್ಲಿ ಏನು ಮಾಡಬೇಕೆಂದು ತರುಣರು ಕೇಳಿದರು. ತ್ರುಟಿತವಾದ ಪಂಕ್ತಿಯಲ್ಲಿ ಚುಕ್ಕೆಗಳನ್ನಿಡುವಂತೆ ಬರಿದಾಗಿ ಬಿಡಿರೆಂದೆನು. ನೋಡುವವರು ಅಪೂರ್ಣವೆನ್ನುವರಲ್ಲಾ ಎಂದರು. ಎನ್ನಲಿ. ಚಿತ್ರಕಾರನು ರಸಕ್ಕೆ ಋಣಿ. ಪ್ರತಿಕೃತಿಕಾರನು, ಗ್ರಂಥಸಂಪಾದಕನಂತೆ, ವಸ್ತುವಿಗೆ ಋಣಿ. ಮೂಲವು ನಾಶವಾದ ಮೇಲೆ ಪ್ರತಿಕೃತಿಯೇ ಮುಂದಿನವರಿಗೆ ಪ್ರಮಾಣವಾಗುತ್ತದೆ. ಇಂದು ನಾವು ಅಂದಕ್ಕಾಗಿ ಅಂಟಿಸಿದ ಗೂಟವೊಂದನ್ನು ನಾಳೆ ಮತ್ತೊಬ್ಬನು ಭಕ್ತಿಯಿಂದ ಅಳೆಯುವನು.

ತರುಣರು ಅಂಟಿಸಿದ್ದ ಎರಡು ಗಾಳಿಕೊಳವೆಗಳನ್ನು ಕಿತ್ತರು. ಅವುಗಳ ಗುರುತು ಡೆಕ್ಕಿನ ಮೇಲೆ ಇನ್ನೂ ಇದೆ. ನನ್ನ ಮುದ್ರಿತ ಪಾಠವನ್ನು ಅಷ್ಟು ಸುಲಭವಾಗಿ ಕೀಳಲು ಆಗಲಿಲ್ಲ.